ಅಕ್ಕನ ಮಿಲ್ಲು, ಮೋಟಾರಿನ ಕೈಗಡ

ಮೈಸೂರಿನ ನಮ್ಮ ಕೆಸರೆಯಲ್ಲಿ ಕಾಂಪೌಂಡ್ ಗೋಡೆಯನ್ನು ಎದೆಮಟ್ಟಕ್ಕಿಂತ ಎತ್ತರ ಕಟ್ಟಿದವರನ್ನು ನಾವು ಕೊಂಚ ಅನುಮಾನದಿಂದಲೇ ನೋಡುತ್ತೇವೆ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಹತ್ತಿರ ಇರುವ ಮನೆಗಳು ಇವು. ಇಲ್ಲಿ ಮುಚ್ಚಿಡುವುದಕ್ಕೆ ಯಾರಿಗೇನಿದೆ? 2024ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಮುಡಾದ, ಸೈಟಿನ ಗಲಾಟೆ ಎದ್ದಾಗ ಕೆಸರೆಯ ಹೆಸರು ದಿನಬೆಳಗಾದರೆ ಟೀವಿಯಲ್ಲಿ. ಮದುವೆಗೂ ಕರೆಯದ ನೆಂಟರೆಲ್ಲ ಫೋನ್ ಮಾಡಿ ‘ನಿಮ್ಮೂರಂತಲ್ಲಯ್ಯಾ’ ಎಂದು ವಿಚಾರಿಸಿಕೊಂಡರು. ಆ ಕೇಸನ್ನೂ ನಾವು ಈ ಗೋಡೆಯ ಮೇಲೆ ಮೊಣಕೈ ಊರಿಕೊಂಡೇ ವಿಚಾರಣೆಗೆ ತೆಗೆದುಕೊಂಡು, ತೀರ್ಪು ಕೊಟ್ಟು, ಅದೇ ಸಂಜೆ ತೀರ್ಪು ಬದಲಾಯಿಸಿಯೂ ಆಗಿತ್ತು. ಈಚೆಗೆ ಬಂದಿರುವುದು ಪಿಎಫ್ಫಿನ ವ್ಯಾಜ್ಯ.

ನನ್ನ ಪಕ್ಕದ ಮನೆಯ ಅಕ್ಕನದು ಹಿಟ್ಟಿನ ಮಿಲ್ಲು. ರಾಗಿ, ಗೋಧಿ, ಅಕ್ಕಿ ಒಂದು ಕಡೆ, ಖಾರದ ಪುಡಿಗೆ ಬೇರೆ ಕಲ್ಲು. ಗಂಡ ಹೋದ ಮೇಲೆ ಆಕೆಯೇ ನಡೆಸಿಕೊಂಡು ಬಂದಿದ್ದಾರೆ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಮೇಷ್ಟ್ರಾಗಿದ್ದವನು. ಹಾಗಾಗಿ ಈ ಬೀದಿಯಲ್ಲಿ ಫ್ಯೂಸ್ ಹೋದರೂ ನನಗೇ ಕರೆ, ಬಿಲ್ ಜಾಸ್ತಿ ಬಂದರೂ ನನಗೇ ಬೈಗುಳ.

“ಮೇಷ್ಟ್ರೆ, ಇದೇನಿದು ನೋಡಿ. ಪಿಎಫ್ ಅಂತೆ, ನಾನೂರಿಪ್ಪತ್ತು ರೂಪಾಯಂತೆ. ನಮ್ಮಲ್ಲಿ ಕೆಲಸ ಮಾಡೋ ಹುಡುಗನಿಗೇ ನಾನು ಪಿಎಫ್ ಕಟ್ಟಿಲ್ಲ, ಮೋಟಾರಿಗೆ ಯಾಕ್ ಕಟ್ಲಿ?”

ಬಿಲ್ಲು ಗೋಡೆ ದಾಟಿ ಬಂತು. ಕನ್ನಡಕ ತರಿಸಿಕೊಂಡು ಓದಿದೆ. ಯೂನಿಟ್ 1,400. ಅದರ ಪಕ್ಕದಲ್ಲಿ ಕೆವಿಎಎಚ್ ಅಂತ ಇನ್ನೊಂದು ಲೆಕ್ಕ, 1,944. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.72. ಇದೇ ಪವರ್ ಫ್ಯಾಕ್ಟರು. ನಮ್ಮ ರಾಜ್ಯದ ದರಪಟ್ಟಿಯಲ್ಲಿ ಬಹುಕಾಲದಿಂದ ಇರುವ ನಿಯಮ ಇದು: ಮಿಲ್ಲು, ಲೇತು, ವೆಲ್ಡಿಂಗ್ ಶಾಪಿನಂಥ ಎಲ್‌ಟಿ (ಕಡಿಮೆ ವೋಲ್ಟೇಜಿನ) ಪವರ್ ಗಿರಾಕಿಗಳು ಪವರ್ ಫ್ಯಾಕ್ಟರನ್ನು 0.85ಕ್ಕಿಂತ ಕೆಳಗೆ ಬಿಡಬಾರದು. ಬಿಟ್ಟರೆ, ಇಳಿದ ಒಂದೊಂದು 0.01ಕ್ಕೂ ಯೂನಿಟ್ಟಿಗೆ 3 ಪೈಸೆ ಸರ್‌ಚಾರ್ಜು. ಎಲ್‌ಟಿಯವರ ಮೇಲೆ ದಯೆಯಿಟ್ಟು, ಎಷ್ಟೇ ಇಳಿದರೂ 30 ಪೈಸೆ ದಾಟಿಸುವುದಿಲ್ಲ. ಅಕ್ಕನದು ಹದಿಮೂರು ಅಂಕ ಕೆಳಗೆ. ಲೆಕ್ಕದಂತೆ 39 ಪೈಸೆ ಬೀಳಬೇಕಿತ್ತು, 30ಕ್ಕೆ ನಿಂತಿದೆ. 1,400 ಯೂನಿಟ್ಟಿಗೆ 420 ರೂಪಾಯಿ.

“ಲೆಕ್ಕ ಸರಿಯಾಗಿದೆ ಅಕ್ಕಾ.”

“ಲೆಕ್ಕ ಸರಿಯಾಗಿದ್ರೆ ಸಾಕಾ? ನ್ಯಾಯ ಬ್ಯಾಡ್ವಾ? ಯೂನಿಟ್ ಸುಟ್ಟಿದ್ದಕ್ಕೆ ದುಡ್ಡು ಕಟ್ಟೀವ್ನಿ. ಇದು ಯಾವುದಕ್ಕೆ? ಆ ಕೆಇಬಿಯವರಿಗೆ ಏನ್ ಕಮ್ಮಿ ಆಗದೆ?”

ಕೆಇಬಿ, ಅಂದರೆ ಹಳೇ ವಿದ್ಯುತ್ ಮಂಡಳಿ, ಹೋಗಿ ಯಾವ ಕಾಲವಾಯಿತು. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ಹಂಚಿಕೆಯ ಕಂಪನಿಗಳು ಬೇರೆಯಾದವು, 2005ರಲ್ಲಿ ಮೈಸೂರಿಗೇ ಚಾಮುಂಡೇಶ್ವರಿಯ ಹೆಸರಿನ ಕಂಪನಿ ಬಂತು. ಕೆಸರೆಯ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಕೆಇಬಿಯೇ. ಹೆಸರು ತಿದ್ದಲು ಹೋಗದೆ ನ್ಯಾಯದ ಪ್ರಶ್ನೆಯನ್ನಷ್ಟೇ ಕೈಗೆತ್ತಿಕೊಂಡೆ.

“ನಿಮ್ಮ ಮೋಟಾರು ಎರಡು ಥರದ ಕರೆಂಟು ಎಳೆಯುತ್ತೆ ಅಕ್ಕಾ. ಒಂದು ರಾಗಿ ಬೀಸೋದು. ಅದು ಖರ್ಚಾಗಿಹೋಗುತ್ತೆ. ಇನ್ನೊಂದು ಮೋಟಾರಿನೊಳಗಿನ ಕಬ್ಬಿಣಾನ ಅಯಸ್ಕಾಂತ ಮಾಡೋದು. ಅಯಸ್ಕಾಂತ ಆಗ್ದೆ ಮೋಟಾರು ತಿರುಗಲ್ಲ. ಆದ್ರೆ ಈ ಎರಡನೇದು ಖರ್ಚಾಗಲ್ಲ. ತಗೊಳುತ್ತೆ, ವಾಪಸ್ ಕೊಡುತ್ತೆ. ತಗೊಳುತ್ತೆ, ಕೊಡುತ್ತೆ. ಸೆಕೆಂಡಿಗೆ ನೂರು ಸಲ.”

“ಕೈಗಡ ಅನ್ನಿ.”

“ಕೈಗಡಾನೇ.”

“ಪೂರ್ತಿ ವಾಪಸ್ ಕೊಡ್ತದಾ?”

“ಪೂರ್ತಿ.”

“ಮತ್ತೆ ಬಡ್ಡಿ ಯಾಕೆ ಹಾಕವ್ರೆ?”

ಐಟಿಐ ಕ್ಲಾಸಿನಲ್ಲಿ ಇಷ್ಟು ನೇರವಾಗಿ ಕೇಳಿದ ಹುಡುಗರು ಕಡಿಮೆ. ಅವರು ಬೋರ್ಡಿನ ಮೇಲಿನ ಪವರ್ ತ್ರಿಕೋನವನ್ನು ನೋಟ್ಸಿಗೆ ಇಳಿಸಿಕೊಂಡು, ಕಾಸ್ ಫೈ ಎಂದು ಉರುಹೊಡೆದು, ಪಾಸಾಗಿ ಹೋಗುತ್ತಿದ್ದರು. ತ್ರಿಕೋನ ತಪ್ಪೇನಲ್ಲ. ಆದರೆ ಕೈಗಡ ತಂದವನು ನಿಯತ್ತಿನವನೇ ಆಗಿದ್ದರೂ ಕೊಟ್ಟವನಿಗೆ ಯಾಕೆ ನಷ್ಟ ಎನ್ನುವುದು ಆ ತ್ರಿಕೋನದಲ್ಲಿ ಕಾಣುವುದಿಲ್ಲ. ಅದು ಕಾಣುವುದು ತಂತಿಯಲ್ಲಿ.

ಕೈಗಡ ಕೊಡುವ ಧಣಿ ಇರುವುದು ದೂರದಲ್ಲಿ, ಜನರೇಟರಿನ ಬುಡದಲ್ಲಿ. ಹೋಗುವಾಗಲೂ ಬರುವಾಗಲೂ ಆ ಕರೆಂಟು ನಡೆಯುವುದು ಅದೇ ತಂತಿಯಲ್ಲಿ, ಹಾದುಹೋಗುವುದು ಅದೇ ಟ್ರಾನ್ಸ್‌ಫಾರ್ಮರಿನಲ್ಲಿ. ಮೀಟರಿನ ಯೂನಿಟ್ಟಿಗೆ ಅದು ಸೇರದಿರಬಹುದು. ತಂತಿ ಮಾತ್ರ ಎರಡು ಸಲವೂ ಬಿಸಿಯಾಗುತ್ತದೆ. ಯಾವ ಕರೆಂಟು ಕೆಲಸಕ್ಕೆ ಹೊರಟಿದ್ದು, ಯಾವುದು ಕೈಗಡದ್ದು ಎಂದು ತಾಮ್ರಕ್ಕಾಗಲಿ ಅಲ್ಯುಮಿನಿಯಮ್ಮಿಗಾಗಲಿ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಆಂಪಿಯರ್ ಒಂದೇ. ಅದರಲ್ಲೂ ಬಿಸಿ ಏರುವುದು ಆಂಪಿಯರಿನ ವರ್ಗದ ಲೆಕ್ಕದಲ್ಲಿ: ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

ಅಕ್ಕನ ಮಿಲ್ಲನ್ನೇ ತೆಗೆದುಕೊಳ್ಳಿ. ಬೀಸುವಾಗ ಸರಾಸರಿ 6 ಕಿಲೋವ್ಯಾಟ್ ಎಂದಿಟ್ಟುಕೊಳ್ಳೋಣ. 415 ವೋಲ್ಟಿನ ತ್ರೀ ಫೇಸಿನಲ್ಲಿ ಪವರ್ ಫ್ಯಾಕ್ಟರು 0.72 ಇದ್ದರೆ ಲೈನು ಹೊರಬೇಕಾದ್ದು ಸುಮಾರು ಹನ್ನೊಂದೂವರೆ ಆಂಪಿಯರ್. ಅದೇ ರಾಗಿ, ಅದೇ ಕಲ್ಲು, ಪವರ್ ಫ್ಯಾಕ್ಟರು ಮಾತ್ರ 0.98 ಆದರೆ ಎಂಟೂವರೆ ಆಂಪಿಯರಿಗೇ ಕೆಲಸ ಮುಗಿಯುತ್ತದೆ. ಆ ಮಿಲ್ಲಿನಿಂದಾಗಿ ಕಂಬದ ತಂತಿಯಲ್ಲಿ ಪೋಲಾಗುತ್ತಿದ್ದ ಬಿಸಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಂದು ಚಿಟಿಕೆ ಹಿಟ್ಟೂ ಕಡಿಮೆಯಾಗದೆ.

“ನಮ್ ಮೋಟಾರು ಎನ್‌ಜಿಇಎಫ್‌ದು ಮೇಷ್ಟ್ರೆ. ಹದಿನೈದು ಎಚ್‌ಪಿ. ಅವರು ಇದ್ದಾಗ ಬೆಂಗಳೂರಿಂದ ತಂದಿದ್ದು. ಅಂಥ ಮೋಟಾರು ಕೈಗಡ ಮಾಡ್ತದಾ?”

ಮೋಟಾರಿನ ಮರ್ಯಾದೆ ತೆಗೆಯುವುದು ನನ್ನ ಉದ್ದೇಶವಾಗಿರಲಿಲ್ಲ. ಎನ್‌ಜಿಇಎಫ್ ಮೋಟಾರುಗಳನ್ನು ಕಂಡವರಿಗೆ ಅವುಗಳ ತೂಕವೂ ಗೊತ್ತು, ತಾಳಿಕೆಯೂ ಗೊತ್ತು. ಇಂಡಕ್ಷನ್ ಮೋಟಾರು ಅಂದಮೇಲೆ ಎಷ್ಟೇ ಒಳ್ಳೇ ಮನೆತನದ್ದಾದರೂ ಕೈಗಡ ತಪ್ಪಿದ್ದಲ್ಲ. ತುಂಬಿದ ಲೋಡಿನಲ್ಲಿ ಅದರ ಪವರ್ ಫ್ಯಾಕ್ಟರು 0.85ರ ಆಸುಪಾಸು ನಿಂತೀತು. ಖಾಲಿ ತಿರುಗಿದರೆ 0.2, 0.3ಕ್ಕೆ ಕುಸಿಯುತ್ತದೆ. ಕಾರಣ ಸರಳ. ರಾಗಿ ಬೀಸಲಿ ಬಿಡಲಿ, ಅಯಸ್ಕಾಂತಕ್ಕೆ ಬೇಕಾದ್ದು ಬೇಕೇ ಬೇಕು. ಕೆಲಸದ ಕರೆಂಟು ಇಳಿದಾಗಲೂ ಕೈಗಡದ ಮೊತ್ತ ಇದ್ದಲ್ಲೇ ಇರುತ್ತದೆ.

ಅಕ್ಕನ ಮಿಲ್ಲಿನ ದಿನಚರಿ ಗೊತ್ತಿದ್ದವರಿಗೆ 0.72 ಆಶ್ಚರ್ಯವಾಗಬೇಕಾಗಿಲ್ಲ. ಒಬ್ಬಳು ಹೆಂಗಸು ಐದು ಕೇಜಿ ರಾಗಿ ತರುತ್ತಾಳೆ. ಬೀಸಿ ಆಗುತ್ತದೆ. ಮುಂದಿನ ಡಬ್ಬ ಬರುವ ತನಕ ಮೋಟಾರು ನಿಲ್ಲುವುದಿಲ್ಲ, ಸುಮ್ಮನೆ ಗುಂಯ್‌ಗುಡುತ್ತಿರುತ್ತದೆ. ಆ ಹೊತ್ತಿನಲ್ಲಿ ಬಂದವಳ ಮಗಳ ಬಾಣಂತನ, ಸೊಸೆಯ ತವರು, ರೇಷನ್ ಅಕ್ಕಿಯ ಕಲ್ಲು ಎಲ್ಲ ಚರ್ಚೆಯಾಗುತ್ತವೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ‘ಸ್ಟಾರ್ಟಿಂಗಿಗೆ ಜಾಸ್ತಿ ಎಳೀತದೆ’ ಎಂಬುದು ಅಕ್ಕನ ನಂಬಿಕೆ. ಎಳೆಯುತ್ತದೆ, ಸುಳ್ಳಲ್ಲ, ಆದರೆ ಕೆಲವೇ ಸೆಕೆಂಡು. ಬಾಣಂತನದ ಮಾತು ಅಷ್ಟು ಬೇಗ ಮುಗಿಯುವುದಿಲ್ಲ. ಮೇಲಾಗಿ ಆ ಮೋಟಾರು ಸುಟ್ಟು ರಿವೈಂಡ್ ಆಗಿ ಬಂದಿದೆ, ಒಂದಲ್ಲ, ಹಲವು ಸಲ. ಸುತ್ತುವವನು ಆತುರದಲ್ಲಿ ನಾಲ್ಕು ಸುತ್ತು ಕಡಿಮೆ ಹಾಕಿದರೂ ಅಯಸ್ಕಾಂತದ ಪಾಲಿನ ಕರೆಂಟು ಏರುತ್ತದೆ. ಐದು ಕೇಜಿ ರಾಗಿಗೆ ಹದಿನೈದು ಎಚ್‌ಪಿ ಯಾಕೆ ಬೇಕಿತ್ತು ಎನ್ನುವುದು ಇನ್ನೊಂದು ಪ್ರಶ್ನೆ. ತೀರಿಹೋದವರ ಆಯ್ಕೆಯ ವಿಚಾರವಾದ್ದರಿಂದ ಅದನ್ನು ನಾನು ಎತ್ತಲಿಲ್ಲ.

“ಈಗ ಏನ್ ಮಾಡ್ಬೇಕು ಹೇಳಿ.”

“ಕೈಗಡ ಬೇಡ ಅನ್ನೋಕಾಗಲ್ಲ. ಆದ್ರೆ ಅಷ್ಟು ದೂರ ಹೋಗಿ ತರೋದು ಬೇಡ. ಇಲ್ಲೇ ಗೋಡೆ ಪಕ್ಕದಲ್ಲಿ ಕೊಡೋರು ಒಬ್ಬರನ್ನ ಕೂರಿಸಿ.”

ಕೆಪಾಸಿಟರ್ ಎನ್ನುವುದು ಅದೇ. ಅದರ ಸ್ವಭಾವ ಮೋಟಾರಿನದಕ್ಕೆ ಸರಿಯಾಗಿ ತದ್ವಿರುದ್ಧ. ಮೋಟಾರು ‘ಕೊಡು’ ಎನ್ನುವ ಕ್ಷಣದಲ್ಲೇ ಇದರ ಕೈ ತುಂಬಿರುತ್ತದೆ. ಮೋಟಾರು ವಾಪಸು ಕೊಡುವ ಕ್ಷಣದಲ್ಲಿ ಇದರ ಕೈ ಖಾಲಿ. ಸೆಕೆಂಡಿಗೆ ನೂರು ಸಲದ ಆ ಕೊಡು-ಕೊಳ್ಳುವಿಕೆ ಇವೆರಡರ ನಡುವೆಯೇ ಮುಗಿದುಹೋಗುತ್ತದೆ. ಕಂಬದ ತಂತಿಗೆ ಕೆಲಸದ ಕರೆಂಟು ಮಾತ್ರ ಉಳಿಯುತ್ತದೆ. ಇಷ್ಟೇ ವಿದ್ಯೆ. ಇದಕ್ಕೆ ದೊಡ್ಡ ಕಾರ್ಖಾನೆಗಳಲ್ಲಿ ದೊಡ್ಡ ಹೆಸರಿದೆ; ನಮ್ಮ ಹುಡುಗರು ‘ಪಿಎಫ್ ಇಂಪ್ರೂವ್ ಮಾಡೋದು’ ಅಂತಾರೆ.

ಅಕ್ಕ ಮರುದಿನವೇ ರಿವೈಂಡಿಂಗ್ ಅಂಗಡಿಯ ಹುಡುಗನನ್ನು ಕರೆಸಿದರು. ಅವನು ಮೋಟಾರಿನ ಹಣೆಯ ಮೇಲಿನ ತಗಡು ನೋಡಿ, “ಹದಿನೈದು ಎಚ್‌ಪಿಗೆ ಹದಿನೈದು ಕೆವಿಎಆರ್ ಹಾಕ್ಬಿಡೋಣ ಅಕ್ಕಾ, ಸಾಲಿಡ್ಡಾಗಿರ್ತದೆ” ಎಂದ. ಗೋಡೆಯಾಚೆ ಹಲ್ಲುಜ್ಜುತ್ತಿದ್ದ ನಾನು ಬ್ರಷ್ಷು ತೆಗೆದು “ಬೇಡಪ್ಪಾ” ಎಂದು ಕೂಗಬೇಕಾಯಿತು. ಕೆವಿಎಆರ್ ಎಂದರೆ ಕೆಪಾಸಿಟರಿನ ಕೈಗಡದ ತಾಕತ್ತು. ಎಚ್‌ಪಿಯಷ್ಟೇ ಕೆವಿಎಆರ್ ಎನ್ನುವ ಈ ಸೂತ್ರ ಎಲ್ಲಿ ಹುಟ್ಟಿತೋ, ಮೈಸೂರಿನ ವರ್ಕ್‌ಶಾಪುಗಳಲ್ಲಿ ಇನ್ನೂ ಸತ್ತಿಲ್ಲ. ಹದಿನೈದು ಎಚ್‌ಪಿ ಮೋಟಾರಿಗೆ ಸಾಮಾನ್ಯವಾಗಿ ಐದು ಕೆವಿಎಆರ್ ಧಾರಾಳ. ಖಾಲಿ ತಿರುಗುವಾಗ ಮೋಟಾರು ಅಯಸ್ಕಾಂತಕ್ಕೆಂದು ಎಷ್ಟು ಎಳೆಯುತ್ತದೋ ಅದರ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚಿನ ಕೆಪಾಸಿಟರನ್ನು ಮೋಟಾರಿನ ಟರ್ಮಿನಲ್ಲಿಗೆ ಕಟ್ಟಬಾರದು. ಕಟ್ಟಿದರೆ, ಸ್ವಿಚ್ ತೆಗೆದ ಮೇಲೂ ತಿರುಗುತ್ತಿರುವ ಮೋಟಾರು ಆ ಕೆಪಾಸಿಟರಿನ ಕುಮ್ಮಕ್ಕಿನಿಂದ ತಾನೇ ಜನರೇಟರಾಗಿ ವೋಲ್ಟೇಜ್ ಏರಿಸಿಬಿಡುತ್ತದೆ. ಸುತ್ತಿದ ತಂತಿ ಮತ್ತೆ ರಿವೈಂಡಿಂಗ್ ಅಂಗಡಿಗೆ. ಹುಡುಗ ಇದನ್ನು ಯೋಚಿಸಿಯೇ ಹೇಳಿದನೆಂದು ನಾನು ಹೇಳುವುದಿಲ್ಲ.

ಇನ್ನೊಂದು: ಕೆಪಾಸಿಟರು ಮೋಟಾರಿನ ಜೊತೆಗೇ ಆನ್ ಆಗಿ, ಜೊತೆಗೇ ಆಫ್ ಆಗಬೇಕು. ಮೇನ್ ಸ್ವಿಚ್ಚಿಗೆ ನೇರ ಕಟ್ಟಿ ರಾತ್ರಿಯೆಲ್ಲ ಬಿಟ್ಟರೆ, ಕೈಗಡ ಕೇಳುವವರೇ ಇಲ್ಲದ ಹೊತ್ತಿನಲ್ಲಿ ಅದು ಲೈನಿನ ಜೊತೆ ತನ್ನದೇ ವ್ಯವಹಾರ ಶುರುಮಾಡುತ್ತದೆ. ತಂತಿಗೆ ಮತ್ತದೇ ಹೊರೆ, ದಿಕ್ಕು ಮಾತ್ರ ತಿರುಗಾಮುರುಗಾ. ಮತ್ತೆ, ಆಫ್ ಮಾಡಿದ ತಕ್ಷಣ ಅದರ ಟರ್ಮಿನಲ್ ಮುಟ್ಟಕೂಡದು. ಒಳಗೆ ಹಿಡಿದಿಟ್ಟದ್ದು ಇಳಿಯಲು ಕೆಲವು ನಿಮಿಷ ಬೇಕು. ಕೆಲಸದ ಹುಡುಗನನ್ನು ಕರೆದು ಇದನ್ನು ಎರಡು ಸಲ ಹೇಳಿದೆ, ಎರಡು ಸಲ ಹೇಳಿಸಿದೆ.

ಈ ಗಲಾಟೆ ನಡೆಯುತ್ತಿದ್ದಾಗಲೇ ಗೋಡೆಯ ಈ ಕಡೆಯೂ ಒಂದು ಕೆಪಾಸಿಟರ್ ಬಂದು ಕೂತಿತ್ತು. ನನ್ನ ಹೆಂಡತಿ ಮೊಬೈಲಿನಲ್ಲಿ ತರಿಸಿದ ‘ಪವರ್ ಸೇವರ್’. ಸೋಪಿನ ಡಬ್ಬಿಯಷ್ಟು, ಪ್ಲಗ್ಗಿಗೆ ಚುಚ್ಚಿದರೆ ಹಸಿರು ದೀಪ. ಬಿಲ್ಲು ಅರ್ಧಕ್ಕಿಳಿಯುತ್ತದೆಂದು ಜಾಹೀರಾತು. ನಮ್ಮದು ಗೃಹಜ್ಯೋತಿಯ ಮನೆ. 2023ರಿಂದ ಸರ್ಕಾರ ಕೊಡುತ್ತಿರುವ ಪುಕ್ಕಟೆ ಕರೆಂಟಿಗೆ ಇನ್ನೂರು ಯೂನಿಟ್ಟಿನ ಮಿತಿ ಇದೆಯಷ್ಟೆ; ಅದರೊಳಗೂ ಹಳೆಯ ಸರಾಸರಿಯ ಮೇಲೆ ಕೊಂಚ ಹೆಚ್ಚಿನ ತನಕ ಮಾತ್ರ ಮನ್ನಾ. ಬೇಸಿಗೆಯಲ್ಲಿ ಫ್ಯಾನು ತಿರುಗಿ ಆ ಗೆರೆ ದಾಟಿಬಿಟ್ಟರೆ ಎಂಬ ಆತಂಕ ಆಕೆಗೆ.

“ಅಕ್ಕನಿಗೆ ಹಾಕಿಸ್ತೀರಾ, ನನಗೆ ಬೇಡ ಅಂತೀರಾ” ಎಂದಳು. ಮಾತಿನಲ್ಲಿ ಬೇರೆ ಕರೆಂಟೂ ಇತ್ತು.

ನ್ಯಾಯವಾದ ಪ್ರಶ್ನೆಯೇ. ಆ ಸೋಪಿನ ಡಬ್ಬಿ ಬಿಚ್ಚಿದರೆ ಒಳಗೆ ಸಿಗುವುದೂ ಒಂದು ಪುಟ್ಟ ಕೆಪಾಸಿಟರೇ. ಆದರೆ ಮನೆಯ ಬಿಲ್ಲು ಬರುವುದು ಯೂನಿಟ್ಟಿನ ಲೆಕ್ಕದಲ್ಲಿ, ಅಂದರೆ ಖರ್ಚಾಗಿಹೋದ ಕರೆಂಟಿನ ಲೆಕ್ಕದಲ್ಲಿ. ಕೈಗಡವನ್ನು ಮನೆಯ ಬಿಲ್ಲು ಕೇಳುವುದೇ ಇಲ್ಲ, ಅದಕ್ಕೆ ಸರ್‌ಚಾರ್ಜೂ ಇಲ್ಲ. ಇಲ್ಲದ ದಂಡವನ್ನು ಉಳಿಸುವುದು ಹೇಗೆ? ಬಿಲ್ಲು ಅರ್ಧವಾಗುವ ಮಾತಿರಲಿ, ಆ ಹಸಿರು ದೀಪ ಉರಿಯಲೂ ಒಂದಿಷ್ಟು ಕರೆಂಟು ಬೇಕು. ಗೋಡೆಯ ಆ ಕಡೆ ನಾಲ್ಕೈದು ತಿಂಗಳಲ್ಲಿ ಅಸಲು ಹುಟ್ಟಿಸುವ ಸಾಮಾನು ಗೋಡೆಯ ಈ ಕಡೆ ಬರೀ ದೀಪ. ನನಗೆ ನಿಜಕ್ಕೂ ಸಿಟ್ಟು ಬರುವುದು ಈ ಡಬ್ಬಿ ಮಾರುವವರ ಮೇಲೆ. ಅವರು ಹೇಳುವ ಪ್ರತಿ ಶಬ್ದವೂ ಪಠ್ಯಪುಸ್ತಕದ್ದೇ, ಸೇರಿಸಿ ಹೇಳುವುದಷ್ಟೇ ಸುಳ್ಳು.

ಅರಮನೆಯ ವಿಷಯ ಬಂದದ್ದು ಇದೇ ಮಾತಿನ ನಡುವೆ. “ಹಂಗಾರೆ ದಸರಾದಾಗ ಅರಮನೆಗೆ ಲಕ್ಷ ಬಲ್ಬು ಹಾಕ್ತಾರಲ್ಲ, ಅದಕ್ಕೆ ಎಷ್ಟ್ ಬೀಳ್ತದೆ ಪಿಎಫ್ಫು?” ಎಂದರು ಅಕ್ಕ. ಬೀಳುವುದಿಲ್ಲ. ಹಳೆಯ ಕಾಲದ ಬುರುಡೆ ಬಲ್ಬಿನಲ್ಲಿ ಅಯಸ್ಕಾಂತವೂ ಇಲ್ಲ, ಕೈಗಡವೂ ಇಲ್ಲ. ತಂತು ಕಾಯುತ್ತದೆ, ಬೆಳಗುತ್ತದೆ, ಬಂದದ್ದೆಲ್ಲ ಖರ್ಚು. ಪವರ್ ಫ್ಯಾಕ್ಟರು ಸರಿಯಾಗಿ ಒಂದು. ಅರಮನೆ ದುಂದುಗಾರನೇ ಹೊರತು ಸಾಲಗಾರನಲ್ಲ. ಉಳಿತಾಯದ ಹೆಸರಿನಲ್ಲಿ ಬಂದ ಅಗ್ಗದ ಎಲ್‌ಇಡಿ ಬಲ್ಬುಗಳಲ್ಲೇ ಪವರ್ ಫ್ಯಾಕ್ಟರು ಕೆಟ್ಟದ್ದಿರುತ್ತದೆ. ಅದು ಬೇರೆ ಜಾತಿಯ ಕಾಯಿಲೆ, ಅಲೆಯ ಆಕಾರವೇ ಒಡೆದುಹೋಗುವಂಥದ್ದು. ಅದಕ್ಕೆ ಬರೀ ಕೆಪಾಸಿಟರ್ ಕಟ್ಟಿದರೆ ಗುಣವಾಗುವುದಿಲ್ಲ, ಕೆಲವೊಮ್ಮೆ ಕೆಪಾಸಿಟರೇ ಊದಿಕೊಂಡು ಸಾಯುತ್ತದೆ.

ದೂರದ ಧಣಿಯ ಮಾತಿಗೆ ಬಂದರೆ, ನಮ್ಮ ನಾಡಿಗೆ ದೂರದಿಂದ ಕರೆಂಟು ತರಿಸುವುದು ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದರು. ಆ ಕಾಲಕ್ಕೆ ಲೋಕದಲ್ಲೇ ಉದ್ದದ ಲೈನುಗಳಲ್ಲಿ ಅದೊಂದು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು, 1908ರಲ್ಲಿ ನಮ್ಮ ಮೈಸೂರಿಗೆ. ಪಕ್ಕದಲ್ಲೇ ಹುಟ್ಟಿದ ಕರೆಂಟು ಮೊದಲು ಕೋಲಾರಕ್ಕೆ ಹೋಯಿತು ಎನ್ನುವುದು ಅಕ್ಕನಿಗೆ ಹೊಸ ತಕರಾರಾಯಿತು. ಚಿನ್ನ ಇದ್ದ ಕಡೆ ತಂತಿ ಹೋಗುತ್ತದೆ, ಏನು ಮಾಡುವುದು. ಶಿವನಸಮುದ್ರದ ಕರೆಂಟು ಸೆಕೆಂಡಿಗೆ 25 ಆವರ್ತದ್ದು, ಈಗಿನದು 50. ಅಂದರೆ ಆಗಿನ ಮೋಟಾರುಗಳ ಕೈಗಡ ಸೆಕೆಂಡಿಗೆ ಐವತ್ತು ಸಲ. ಆದರೂ 92 ಮೈಲಿ ದೂರದ ಧಣಿಯಿಂದ ತಂದು ತೀರಿಸಬೇಕಾದ್ದು.

ನಮ್ಮದು ನಾನೂರಿಪ್ಪತ್ತು ರೂಪಾಯಿಯ ರಗಳೆ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಲ್ಲಿ ಇದು ಲಕ್ಷದ ಮಾತು. ಅವರು ಎಚ್‌ಟಿ (ಹೆಚ್ಚು ವೋಲ್ಟೇಜಿನ) ಗಿರಾಕಿಗಳು. ಅವರಿಗೆ 0.90ರ ಗೆರೆ, ಎಲ್‌ಟಿಯವರಿಗಿರುವ 30 ಪೈಸೆಯ ದಯೆಯೂ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ಡಿಮ್ಯಾಂಡ್ ಚಾರ್ಜು. ಅದು ಬೀಳುವುದು ಕೆವಿಎ ಲೆಕ್ಕದಲ್ಲಿ, ಅಂದರೆ ಕೆಲಸವೂ ಕೈಗಡವೂ ಸೇರಿದ ಹೊರೆಯ ಮೇಲೆ. 500 ಕೆವಿಎಗೆ ಒಪ್ಪಂದ ಮಾಡಿಕೊಂಡವನು 0.80ರಲ್ಲಿ ನಡೆಸಿದರೆ ಅವನಿಗೆ ದಕ್ಕುವುದು 400 ಕಿಲೋವ್ಯಾಟ್ ಕೆಲಸ. 0.98ಕ್ಕೆ ತಂದರೆ 490. ಟ್ರಾನ್ಸ್‌ಫಾರ್ಮರ್ ಬದಲಿಸದೆ, ಹೊಸ ಕೇಬಲ್ ಎಳೆಯದೆ, ಅರ್ಜಿ ಹಾಕಿ ಕಾಯದೆ ಇನ್ನೂ ತೊಂಬತ್ತು ಕಿಲೋವ್ಯಾಟಿನ ಮೆಷಿನ್ನು ಕೂರಿಸಬಹುದು. ನನ್ನ ಹಳೇ ಶಿಷ್ಯರು ಕೆಲವರು ಅಲ್ಲೇ ಮೇಂಟೆನೆನ್ಸಿನಲ್ಲಿದ್ದಾರೆ. ಎಪಿಎಫ್‌ಸಿ ಪ್ಯಾನೆಲ್ಲು ಟಕ್ ಟಕ್ ಎಂದು ಲೋಡಿಗೆ ತಕ್ಕಂತೆ ಕೆಪಾಸಿಟರುಗಳನ್ನು ತಾನೇ ಸೇರಿಸುವ, ಬಿಡಿಸುವ ಸದ್ದು ಕೇಳಿಸದ ದಿನ ಅವರಿಗೆ ಊಟ ರುಚಿಸುವುದಿಲ್ಲ. ನಮ್ಮ ಕೆಸರೆಯ ಕೊಳಚೆ ನೀರು ಶುದ್ಧೀಕರಣ ಘಟಕದಂಥ ಕಡೆಯೂ ಪಂಪು, ಗಾಳಿ ಊದುವ ಮೋಟಾರು ಅಂತ ಇರುವುದೆಲ್ಲ ಅಯಸ್ಕಾಂತದ ಸಂಸಾರವೇ.

ಅಕ್ಕನ ಮಿಲ್ಲಿಗೆ ಐದು ಕೆವಿಎಆರ್ ಡಬ್ಬ ಬಂತು, ಎರಡು ಸಾವಿರ ಚಿಲ್ಲರೆ. ಮುಂದಿನ ಬಿಲ್ಲಿನಲ್ಲಿ ಪಿಎಫ್ ಸಾಲು ಖಾಲಿ. ಗೋಡೆಯ ಮೇಲೆ ಬಿಲ್ಲು ಮತ್ತೆ ಹಾಸಿಕೊಂಡಿತು.

“ಯೂನಿಟ್ ಕಮ್ಮಿ ಆಗಿಲ್ವಲ್ಲ ಮೇಷ್ಟ್ರೆ?”

“ಆಗಲ್ಲ. ಬೀಸಿದ ರಾಗಿ ಅಷ್ಟೇ ಅಲ್ವಾ?”

“ಮೋಟಾರು ಬಿಸಿ ಆಗೋದೂ ಕಮ್ಮಿ ಆಗಿಲ್ಲ.”

“ಆಗಲ್ಲ. ಮೋಟಾರಿನೊಳಗೆ ಹರಿಯೋ ಕರೆಂಟು ಮೊದಲಿನಷ್ಟೇ. ಕಮ್ಮಿ ಆಗೋದು ಕೆಪಾಸಿಟರಿಂದ ಆಚೆಗೆ. ನಿಮ್ಮ ಮೇನಿಂದ ಹಿಡಿದು ಕಂಬ, ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಆಚೆ.”

“ಸ್ಟಾರ್ಟ್ ಮಾಡ್ದಾಗ ನಿಮ್ಮನೆ ಲೈಟು ಮಿಣಕ್ ಅಂತದಲ್ಲ, ಅದು?”

“ಅದು ಇದ್ದೇ ಇರುತ್ತೆ. ಆದ್ರೆ ನಿಮ್ಮ ಮಿಲ್ಲು ಓಡ್ತಿರೋವಾಗ ನಮ್ಮ ವೋಲ್ಟೇಜು ಕೊಂಚ ಮೇಲಾಗಿದೆ. ನೋಡಿದೀನಿ.”

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಆಗಲೇ ಹೊಳೆಯಬೇಕಿತ್ತು.

“ಅಂದ್ರೆ ಡಬ್ಬ ನಂದು, ದುಡ್ಡು ನಂದು. ತಂಪಾಗಿರೋದು ಕೆಇಬಿ ತಂತಿ, ಜೋರಾಗಿ ತಿರುಗೋದು ನಿಮ್ ಫ್ಯಾನು.”

“ನಿಮಗೂ ತಿಂಗಳಿಗೆ ನಾನೂರಿಪ್ಪತ್ತು ಉಳೀತಲ್ಲ ಅಕ್ಕಾ.”

“ಅದು ನಾನು ಕಟ್ಬಾರದ್ದನ್ನ ಕಟ್ಟದೇ ಇದ್ದಿದ್ದು. ಉಳಿತಾಯ ಅಂತಾರಾ ಅದನ್ನ?” ಎನ್ನುತ್ತ ಬಿಲ್ಲು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಬಿಟ್ಟು ಒಳಗಿದ್ದ ನನ್ನ ಹೆಂಡತಿಯನ್ನು ಕರೆದರು. “ತಾಯೀ, ನಾಳೆಯಿಂದ ನಿಮ್ಮನೆ ರಾಗಿ ಬೀಸೋಕೆ ಕೇಜಿಗೆ ಒಂದ್ ರೂಪಾಯಿ ಜಾಸ್ತಿ. ಯಾಕೆ ಅಂತ ನಿಮ್ಮೆಜಮಾನ್ರನ್ನೇ ಕೇಳ್ಕೊಳಿ, ಎಲ್ಲಾ ವಿವರವಾಗಿ ಹೇಳ್ತಾರೆ.”